ಕಾಲೇಜ್ ಸ್ಕೋರ್‌ಕಾರ್ಡ್: ಸಂಬಳದ ಅಂಕಿ ಗಟ್ಟಿ, ಸಾಲದ ಅಂಕಿ ಅರ್ಧ

ಅಮೆರಿಕದಲ್ಲಿ ಮಕ್ಕಳ ಎಂಜಿನಿಯರಿಂಗ್ ಪದವಿಗೆ ಸಾಲ ಮಾಡುವ ಮುನ್ನ ಆ ಪದವಿಯಿಂದ ಎಷ್ಟು ಸಂಬಳ ಬಂದೀತು, ಬಂದ ಸಂಬಳದಲ್ಲಿ ಸಾಲ ತೀರೀತೇ ಎಂದು ಲೆಕ್ಕ ಹಾಕುವವರು ಮೊದಲು ನೋಡಬೇಕಾದದ್ದು ಅಲ್ಲಿನ ಶಿಕ್ಷಣ ಇಲಾಖೆ ನಡೆಸುವ ‘ಕಾಲೇಜ್ ಸ್ಕೋರ್‌ಕಾರ್ಡ್’ ಎಂಬ ಉಚಿತ ಜಾಲತಾಣವನ್ನು. 2015ರಲ್ಲಿ ಸಂಬಳದ ಮಾಹಿತಿ ಇದರಲ್ಲಿ ಸೇರಿದಾಗ ಇಡೀ ಕಾಲೇಜಿಗೆ ಒಂದೇ ಅಂಕಿ ಇತ್ತು. ಸಂಗೀತ ಓದಿದವರೂ ಸಿವಿಲ್ ಎಂಜಿನಿಯರಿಂಗ್ ಓದಿದವರೂ ಅದರಲ್ಲಿ ಕಲೆತುಹೋಗುತ್ತಿದ್ದರು. 2019ರಲ್ಲಿ ವಿಭಾಗವಾರು ಸಂಬಳ ಮತ್ತು ಸಾಲದ ವಿವರಗಳು ಬಂದ ಮೇಲೆಯೇ ಇದು ಎಂಜಿನಿಯರಿಂಗ್ ಆಕಾಂಕ್ಷಿಗಳಿಗೆ ನಿಜವಾಗಿ ಉಪಯೋಗಕ್ಕೆ ಬರುವ ಸೇವೆಯಾಯಿತು.

ಸಂಬಳದ ಅಂಕಿಯ ಬಗ್ಗೆ ನನಗೆ ಗೌರವವಿದೆ. ಕಾಲೇಜುಗಳು ತಮ್ಮ ಪ್ರಚಾರಪತ್ರಗಳಲ್ಲಿ ಕೊಡುವ ಸಂಬಳದ ವಿವರ ಸಾಮಾನ್ಯವಾಗಿ ಸಮೀಕ್ಷೆಗೆ ಉತ್ತರಿಸಿದ ವಿದ್ಯಾರ್ಥಿಗಳ ಮಾತನ್ನೇ ಆಧರಿಸಿರುತ್ತದೆ. ಒಳ್ಳೆಯ ಕೆಲಸ ಸಿಕ್ಕವರು ಉತ್ಸಾಹದಿಂದ ಉತ್ತರಿಸುತ್ತಾರೆ, ಸಿಗದವರು ಸುಮ್ಮನಾಗುತ್ತಾರೆ. ಸ್ಕೋರ್‌ಕಾರ್ಡ್ ಹಾಗಲ್ಲ, ಅದು ತೆರಿಗೆ ದಾಖಲೆಗಳಿಂದ ಬಂದ ಮಧ್ಯಾಂಕವನ್ನು, ಅಂದರೆ ಎಲ್ಲರ ಸಂಬಳವನ್ನು ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿಯನ್ನು ಕೊಡುತ್ತದೆ. ಆದರೆ ಆ ಲೆಕ್ಕದಲ್ಲಿ ಇರುವವರು ಕೇಂದ್ರ ಸರ್ಕಾರದ ಸಾಲ ಅಥವಾ ಅನುದಾನ ಪಡೆದವರು ಮಾತ್ರ. ಪೂರ್ತಿ ಶುಲ್ಕವನ್ನು ಕೈಯಿಂದಲೇ ಕಟ್ಟಿದ ಮನೆಗಳ ಮಕ್ಕಳಾಗಲಿ, ವಿದ್ಯಾರ್ಥಿ ವೀಸಾದಲ್ಲಿ ಬಂದು ಓದಿದವರಾಗಲಿ ಅದರಲ್ಲಿ ಇಲ್ಲ. ಆದ್ದರಿಂದ ಕರ್ನಾಟಕದಿಂದ ನೇರವಾಗಿ ಮಗನನ್ನೋ ಮಗಳನ್ನೋ ಅಲ್ಲಿಗೆ ಕಳಿಸುವ ತಂದೆತಾಯಿಯರು ಈ ಸಂಬಳವನ್ನು ತಮ್ಮ ಮಕ್ಕಳಿಗೂ ಸಿಗುವ ಸಂಬಳವೆಂದು ಭಾವಿಸಬಾರದು. ಇನ್ನೊಂದು ಮಾತು: ಕಾಲೇಜು ಮಟ್ಟದ ಅಂಕಿಯಲ್ಲಿ ಓದನ್ನು ಅರ್ಧಕ್ಕೆ ಬಿಟ್ಟವರೂ ಸೇರಿರುತ್ತಾರೆ, ವಿಭಾಗದ ಅಂಕಿಯಲ್ಲಿ ಪದವಿ ಮುಗಿಸಿದವರು ಮಾತ್ರ ಇರುತ್ತಾರೆ. ಎರಡನೆಯ ವರ್ಷದಲ್ಲಿ ಗಣಿತ ಕೈಕೊಟ್ಟು ಮೆಕ್ಯಾನಿಕಲ್ ಬಿಟ್ಟು ಬೇರೆ ವಿಷಯಕ್ಕೆ ಹೋದವನ ಸಂಬಳ ಮೆಕ್ಯಾನಿಕಲ್ ವಿಭಾಗದ ಲೆಕ್ಕಕ್ಕೆ ಬರುವುದೇ ಇಲ್ಲ.

ನನ್ನ ಮುಖ್ಯ ತಕರಾರು ಇರುವುದು ಸಾಲದ ಅಂಕಿಯ ಬಗ್ಗೆ. ಹಲವು ಕಾಲೇಜುಗಳ ಎಂಜಿನಿಯರಿಂಗ್ ವಿಭಾಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ದುಬಾರಿ ಖಾಸಗಿ ಕಾಲೇಜಿನ ಸಾಲವೂ ರಾಜ್ಯ ವಿಶ್ವವಿದ್ಯಾಲಯದ ಸಾಲವೂ ಹೆಚ್ಚು ಕಡಿಮೆ ಒಂದೇ ಎಂಬಂತೆ ತೋರುವುದುಂಟು. ಇದಕ್ಕೆ ಕಾರಣ ಕೇಂದ್ರ ಸಾಲದ ಮಿತಿ. ತಂದೆತಾಯಿಯರ ಆಶ್ರಯದಲ್ಲಿರುವ ವಿದ್ಯಾರ್ಥಿಗೆ ಮೊದಲ ವರ್ಷ 5,500, ಎರಡನೆಯ ವರ್ಷ 6,500, ನಂತರ ವರ್ಷಕ್ಕೆ 7,500 ಡಾಲರ್‌ಗಿಂತ ಹೆಚ್ಚು ಸಾಲ ಸಾಮಾನ್ಯವಾಗಿ ಸಿಗುವುದಿಲ್ಲ. ನಾಲ್ಕು ವರ್ಷಕ್ಕೆ ಅದು 27,000 ಡಾಲರ್ ಆಗುತ್ತದೆ. ಶುಲ್ಕ ಎಷ್ಟೇ ಇರಲಿ, ಮಗುವಿನ ಹೆಸರಿನಲ್ಲಿ ಕಾಣುವ ಸಾಲ ಇದರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಉಳಿದ ಹಣಕ್ಕಾಗಿ ಬ್ಯಾಂಕಿನಿಂದ ತೆಗೆದ ಖಾಸಗಿ ಸಾಲ ಇಲ್ಲಿ ಲೆಕ್ಕಕ್ಕೇ ಇಲ್ಲ, ತಂದೆತಾಯಿಯರು ತಮ್ಮ ಹೆಸರಿನಲ್ಲಿ ತೆಗೆಯುವ ‘ಪೇರೆಂಟ್ ಪ್ಲಸ್’ ಸಾಲ ವಿದ್ಯಾರ್ಥಿಯ ಸಾಲದ ಜೊತೆ ಕೂಡಿರುವುದಿಲ್ಲ, ಅದನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು.

ಇದರ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ಕಂತಿನ ಲೆಕ್ಕದಲ್ಲಿ ಗೊತ್ತಾಗುತ್ತದೆ. 27,000 ಡಾಲರನ್ನು ಶೇಕಡಾ 5.5ರ ಬಡ್ಡಿಯಲ್ಲಿ ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 293 ಡಾಲರ್ ಕಂತು ಬೀಳುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಎಂಜಿನಿಯರ್‌ಗೆ ಇದು ಹೊರಬಹುದಾದ ಹೊರೆಯೇ. 2025ರಲ್ಲಿ ಬಂದ ಕಾನೂನು ಹೊಸ ಪೇರೆಂಟ್ ಪ್ಲಸ್ ಸಾಲಗಾರರಿಗೆ 2026ರ ಜುಲೈನಿಂದ ವರ್ಷಕ್ಕೆ 20,000, ಒಬ್ಬ ವಿದ್ಯಾರ್ಥಿಗೆ ಒಟ್ಟು 65,000 ಡಾಲರ್ ಎಂಬ ಮಿತಿ ಹಾಕಿದೆ. ಆ ಮಿತಿಯವರೆಗೂ ಸಾಲ ಮಾಡಿ ಶೇಕಡಾ 9ರ ಬಡ್ಡಿಯಲ್ಲಿ ಅದನ್ನೂ ಹತ್ತು ವರ್ಷದಲ್ಲಿ ತೀರಿಸುವ ಮನೆಗೆ ತಿಂಗಳಿಗೆ ಇನ್ನೂ 823 ಡಾಲರ್ ಸೇರುತ್ತದೆ. ಕಾಗದದ ಮೇಲೆ ಈ ಎರಡನೆಯ ಸಾಲ ಅಪ್ಪ ಅಮ್ಮನದು, ಅವರ ನಿವೃತ್ತಿಯ ಉಳಿತಾಯವನ್ನು ಸವೆಸುವಂಥದ್ದು. ಇಂಥ ಸಾಲವನ್ನು ಪದವಿಯ ಸಾಲದ ಜೊತೆ ಕೂಡಿಸಿ ಒಂದೇ ಮೊತ್ತವಾಗಿ ತೋರಿಸದಿರುವುದು ಈ ಜಾಲತಾಣದ ಅತಿ ದೊಡ್ಡ ಕೊರತೆ ಎಂದು ನಾನು ತಿಳಿಯುತ್ತೇನೆ.

ಈ ಕೊರತೆಯನ್ನು ತುಂಬಿಕೊಳ್ಳುವ ದಾರಿ ಅದೇ ಪುಟದಲ್ಲಿದೆ. ಸಹಾಯಧನ ಕಳೆದ ಮೇಲೆ ಉಳಿಯುವ ವಾರ್ಷಿಕ ಖರ್ಚನ್ನು ಕುಟುಂಬದ ಆದಾಯಕ್ಕೆ ತಕ್ಕಂತೆ ಐದು ಹಂತಗಳಲ್ಲಿ ಅಲ್ಲಿ ಕೊಟ್ಟಿದ್ದಾರೆ; ಕೊನೆಯ ಹಂತ 1,10,000 ಡಾಲರ್ ಮೀರಿದ ಆದಾಯದವರದು. ನಿಮ್ಮ ಹಂತದ ಮೊತ್ತವನ್ನು ನಾಲ್ಕರಿಂದ ಗುಣಿಸಿ, ಕೈಯಲ್ಲಿರುವ ಉಳಿತಾಯವನ್ನು ಕಳೆದರೆ ನಿಜವಾದ ಸಾಲದ ಅಂದಾಜು ಸಿಗುತ್ತದೆ. ಸರ್ಕಾರಿ ವಿಶ್ವವಿದ್ಯಾಲಯಗಳ ವಿಷಯದಲ್ಲಿ ಈ ಖರ್ಚು ಆಯಾ ರಾಜ್ಯದ ನಿವಾಸಿಗಳಿಗೆ ಸಂಬಂಧಿಸಿದ್ದು, ಹೊರ ರಾಜ್ಯದವರಿಗೆ ಶುಲ್ಕ ಬಹಳ ಹೆಚ್ಚು.

ಹುಡುಕುವಾಗ ಹೆಸರನ್ನು ಪೂರ್ತಿ ಓದಿಕೊಳ್ಳಿ. ‘ಮೆಕ್ಯಾನಿಕಲ್ ಎಂಜಿನಿಯರಿಂಗ್’ ಬೇರೆ, ಮೆಕ್ಯಾನಿಕಲ್ ಎಂಜಿನಿಯರಿಂಗ್ ಟೆಕ್ನಾಲಜಿಯ ಗುಂಪು ಬೇರೆ; ಪಠ್ಯಕ್ರಮವೂ ಮುಂದಿನ ಉದ್ಯೋಗಗಳೂ ಬೇರೆ ಬೇರೆ. ಪದವೀಧರರ ಸಂಖ್ಯೆ ತೀರ ಕಡಿಮೆ ಇರುವ ವಿಭಾಗಗಳಲ್ಲಿ ಅವರ ಗೋಪ್ಯತೆಗಾಗಿ ಅಂಕಿಯನ್ನು ಮರೆಮಾಡಲಾಗಿರುತ್ತದೆ. ಖಾಲಿ ಜಾಗ ಕಂಡ ಮಾತ್ರಕ್ಕೆ ಅಂಥ ವಿಭಾಗವನ್ನು ತಳ್ಳಿಹಾಕಬೇಕಿಲ್ಲ. ಹಿಂದಿನ ಎರಡು ಮೂರು ವರ್ಷಗಳ ಪದವೀಧರರು ಎಲ್ಲಿ ಕೆಲಸಕ್ಕೆ ಸೇರಿದರು, ಎಷ್ಟು ಮಂದಿ ಸಮೀಕ್ಷೆಗೆ ಉತ್ತರಿಸಿದರು ಎಂದು ಆ ವಿಭಾಗಕ್ಕೇ ಬರೆದು ಕೇಳಬಹುದು.