ಬಡಾವಣೆ ಕೂಟ, ಭಾನುವಾರದ ಅಧ್ಯಯನ, ಜೂಮ್: ಮೂರರಲ್ಲೂ ಕೂತು ನೋಡಿದ್ದೇನೆ

ನಮ್ಮ ಚರ್ಚ್ ಸಭೆಯ ಭಾನುವಾರದ ಕನ್ನಡ ಆರಾಧನೆಗೆ ಮುನ್ನೂರರ ಹತ್ತಿರ ಜನ ಸೇರುತ್ತೇವೆ. ಕೆಂಗೇರಿಯಿಂದ ಬರುವವರಿದ್ದಾರೆ, ಹೆಬ್ಬಾಳದಿಂದ ಬರುವವರಿದ್ದಾರೆ, ಎಲೆಕ್ಟ್ರಾನಿಕ್ ಸಿಟಿಯಿಂದ ಎರಡು ಬಸ್ಸು ಬದಲಿಸಿ ಬರುವವರೂ ಇದ್ದಾರೆ. ಆಶೀರ್ವಾದ ಮುಗಿದ ಕಾಲು ಗಂಟೆಗೆ ಅಂಗಳ ಖಾಲಿ. ಕೆಲವು ವರ್ಷಗಳ ಹಿಂದೆ ಬಾಗಿಲ ಬಳಿ ಒಬ್ಬ ಅಕ್ಕ ಸಿಕ್ಕರು. ‘ಚೆನ್ನಾಗಿದ್ದೀರಾ ಅಕ್ಕಾ’ ಅಂದೆ, ಅವರು ‘ಹ್ಞೂಂ’ ಅಂದರು, ನಾನು ಮುಂದೆ ನಡೆದೆ. ಅವರ ಗಂಡನಿಗೆ ಬೈಪಾಸ್ ಆಗಿ ಆರು ವಾರ ಅವರು ಆರಾಧನೆಗೇ ಬಂದಿರಲಿಲ್ಲ ಅನ್ನುವುದು ನನಗೆ ತಿಳಿದದ್ದು ಮುಂದಿನ ತಿಂಗಳು, ಅದೂ ಬೇರೆಯವರ ಬಾಯಿಂದ. ಅವರ ಮನೆ ನಮ್ಮ ಮನೆಯಿಂದ ಎರಡೇ ಬಸ್ ಸ್ಟಾಪ್. ಆ ನೋವು ಇವತ್ತಿಗೂ ಹೋಗಿಲ್ಲ.

ಅದಕ್ಕೇ ಈಗ, ಸಭೆಯವರು ಪ್ರಾರ್ಥನೆಗೆ, ಓದಿಗೆ ಕೂಡುವ ಕಿರುಗುಂಪುಗಳನ್ನು ಒಂದೇ ಅಳತೆಯಲ್ಲಿ ಅಳೆಯುತ್ತೇನೆ. ಮಂಗಳವಾರ ರಾತ್ರಿ ಹತ್ತಕ್ಕೆ ಮನೆಯಲ್ಲಿ ಏನಾದರೂ ಆದರೆ ಗುಂಪಿನಲ್ಲಿ ಯಾರಿಗೆ ಫೋನ್ ಮಾಡುತ್ತೇನೆ? ಅವರು ಎಷ್ಟು ಹೊತ್ತಿಗೆ ಬಂದು ಬಾಗಿಲು ತಟ್ಟುತ್ತಾರೆ? ಭಾನುವಾರದ ಅಧ್ಯಯನ ಗುಂಪಿನಲ್ಲಿ ಎರಡು ವರ್ಷ ಇದ್ದೆ. ಜೂಮ್ ಕೂಟದಲ್ಲಿ ಒಂದೂವರೆ ವರ್ಷ. ಬಡಾವಣೆ ಕೂಟದಲ್ಲಿ ಮೊದಲು ಎರಡು ವರ್ಷ ಸುಮ್ಮನೆ ಹೋಗಿ ಬರುತ್ತಿದ್ದೆ, ಈಗ ಮುಂದಾಳಾಗಿ ನಾಲ್ಕನೇ ವರ್ಷ.

ಮೊದಲು ಭಾನುವಾರದ ಅಧ್ಯಯನ. ಆರಾಧನೆ ಮುಗಿದ ಮೇಲೆ ಮಹಡಿಯ ಕೋಣೆಯಲ್ಲಿ ಹನ್ನೆರಡು ಜನ, ಮುಕ್ಕಾಲು ಗಂಟೆ. ಎಲ್ಲರೂ ಕೆಲಸಕ್ಕೆ ಹೋಗುವವರು, ಹೆಚ್ಚುಕಡಿಮೆ ಒಂದೇ ವಯಸ್ಸು. ನಡೆಸುತ್ತಿದ್ದವರು ದೇವಶಾಸ್ತ್ರ ಓದಿದವರು. ಸತ್ಯವೇದದ, ಅಂದರೆ ಬೈಬಲ್‌ನ, ರೋಮಾಪುರದವರಿಗೆ ಬರೆದ ಪತ್ರದ 16 ಅಧ್ಯಾಯಗಳನ್ನು ಎಂಟು ತಿಂಗಳು ಕೂತು ಓದಿದೆವು. ವಾಕ್ಯವನ್ನು ಬಿಡಿಸಿ ಓದುವುದನ್ನು ಕಲಿತದ್ದು ಅಲ್ಲೇ; ಆ ಋಣ ದೊಡ್ಡದು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾಲ್ವರಿಗೆ ಕನ್ನಡ ಅಕ್ಷರ ತಡವರಿಸುತ್ತಿತ್ತು, ಹಳೆಯ ಸತ್ಯವೇದದ ‘ನೀತಿವಂತನೆಂದು ನಿರ್ಣಯಿಸು’ ಅನ್ನುವಂಥ ಮಾತು ಬಂದರೆ ನಿಂತೇಬಿಡುತ್ತಿದ್ದರು. ಆಗ ಒಂದು ರೂಢಿ ಮಾಡಿಕೊಂಡೆವು: ಒಬ್ಬರು ಓದಬೇಕು, ಪಕ್ಕದವರು ಅದನ್ನೇ ಮನೆಯಲ್ಲಿ ಅಮ್ಮನಿಗೆ ಹೇಳುವ ಹಾಗೆ ಹೇಳಬೇಕು. ಅರ್ಧ ಅರ್ಥ ಆ ಹೇಳುವುದರಲ್ಲೇ ಬಿಚ್ಚಿಕೊಳ್ಳುತ್ತಿತ್ತು.

ಆದರೆ ನನ್ನ ಅಳತೆಗೆ ಆ ಗುಂಪು ನಿಲ್ಲಲಿಲ್ಲ. ಎರಡು ವರ್ಷದಲ್ಲಿ ಒಬ್ಬರ ಮನೆಯನ್ನೂ ಇನ್ನೊಬ್ಬರು ನೋಡಲಿಲ್ಲ. ಒಬ್ಬ ತಮ್ಮ ಕೆಲಸ ಕಳೆದುಕೊಂಡು ಮೂರು ತಿಂಗಳು ನಮ್ಮ ಮಧ್ಯೆ ಕೂತು ಎಂಟನೇ ಅಧ್ಯಾಯದ ಬಗ್ಗೆ ಚೆನ್ನಾಗಿ ಮಾತಾಡಿದ, ತನ್ನ ವಿಷಯಕ್ಕೆ ಬಾಯಿಬಿಡಲಿಲ್ಲ. ನಾವೂ ಕೇಳಲಿಲ್ಲ, ಗಡಿಯಾರ ನೋಡುತ್ತಿದ್ದೆವು, ಪಾಠ ಮುಗಿಯಬೇಕಿತ್ತು.

ಜೂಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೇರೆ ದಾರಿ ಇರಲಿಲ್ಲ. ಪುಕ್ಕಟೆ ಖಾತೆಯಲ್ಲಿ 40 ನಿಮಿಷಕ್ಕೆ ಕೂಟ ತಾನೇ ಮುಗಿಯುತ್ತಿತ್ತು, ಎಷ್ಟೋ ಸಲ ಯಾರೋ ಕಣ್ಣೀರಿಟ್ಟು ಪ್ರಾರ್ಥಿಸುತ್ತಿರುವಾಗಲೇ. ಒಬ್ಬರ ಧ್ವನಿ ಒಬ್ಬರಿಗೆ ತಡವಾಗಿ ತಲುಪುವುದರಿಂದ ಕೂಡಿ ಹಾಡಲು ಆಗುವುದಿಲ್ಲ, ಹಾಡಿಲ್ಲದ ಕೂಟ ನನಗೆ ಒಗ್ಗುವುದಿಲ್ಲ. ಆದರೂ ರಾತ್ರಿ ಪಾಳಿಯ ನರ್ಸ್ ಒಬ್ಬರು ಮತ್ತು ಮೊಣಕಾಲು ನೋವಿಂದ ಮೆಟ್ಟಿಲಿಳಿಯಲಾಗದ ಅಜ್ಜಿಯೊಬ್ಬರು ವರ್ಷಗಳ ನಂತರ ಗುಂಪಿಗೆ ಸೇರಿದ್ದು ಅದರಿಂದಲೇ. ಅವರಿಗಾಗಿ ಇವತ್ತಿಗೂ ಬುಧವಾರ ಬೆಳಿಗ್ಗೆ ಆರಕ್ಕೆ ಕಾಲು ಗಂಟೆಯ ಫೋನ್ ಪ್ರಾರ್ಥನೆ ಇಟ್ಟುಕೊಂಡಿದ್ದೇವೆ. ಅಷ್ಟು ಮಾತ್ರ ಉಳಿಸಿಕೊಂಡೆವು.

ಇನ್ನು ಬಡಾವಣೆ ಕೂಟ. ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯದಿಂದ ಸುಂಕದಕಟ್ಟೆವರೆಗಿನ ಮನೆಗಳು, ಶುಕ್ರವಾರ ಸಂಜೆ ಏಳೂವರೆಗೆ, ವಾರಕ್ಕೊಂದು ಮನೆ. ಇದು ಹೊಸದೇನಲ್ಲ, ನಮ್ಮ ಹಿರಿಯರ ಕುಟೀರ ಪ್ರಾರ್ಥನೆಯೇ. ಅಪೊಸ್ತಲರ ಕೃತ್ಯಗಳ ಎರಡನೇ ಅಧ್ಯಾಯದಲ್ಲಿ ಮೊದಲ ವಿಶ್ವಾಸಿಗಳು ದೇವಾಲಯದಲ್ಲೂ ಸೇರುತ್ತಿದ್ದರು, ಮನೆಗಳಲ್ಲಿ ರೊಟ್ಟಿಯನ್ನೂ ಮುರಿಯುತ್ತಿದ್ದರು. ಪ್ರಿಸ್ಕ ಅಕ್ವಿಲರ ಮನೆಯಲ್ಲಿ, ಫಿಲೆಮೋನನ ಮನೆಯಲ್ಲಿ ಸಭೆ ಕೂಡುತ್ತಿತ್ತು.

ಮೊದಲಲ್ಲೇ ಹೇಳಿಬಿಡುತ್ತೇನೆ, ಮೂರರಲ್ಲಿ ಪಾಠ ತೀರಾ ಸಪ್ಪೆಯಾಗಿದ್ದದ್ದು ಇಲ್ಲೇ. ವಯಸ್ಸು ಹದಿನಾರರಿಂದ ಎಪ್ಪತ್ತೆರಡು. ಒಬ್ಬರು ಮಾತು ಹಿಡಿದರೆ ಬಿಡುತ್ತಿರಲಿಲ್ಲ. ಪ್ರಾರ್ಥನಾ ವಿನಂತಿ ಅಂತ ಶುರುವಾದದ್ದು ‘ಇಂಥವರ ಮಗಳಿಗೋಸ್ಕರ ಪ್ರಾರ್ಥಿಸಿ, ಪಾಪ, ಏನಾಯ್ತು ಗೊತ್ತಾ’ ಅನ್ನುವಲ್ಲಿಗೆ ಹೋಗುತ್ತಿತ್ತು. ಬಾಡಿಗೆ ಮನೆಗಳಲ್ಲಿ ಮೆಟ್ಟಿಲ ತುಂಬ ಚಪ್ಪಲಿ, ಗೇಟಿನೆದುರು ಏಳೆಂಟು ಸ್ಕೂಟರು; ಕೆಳಗಿನ ಮನೆಯವರಿಗೆ ತೊಂದರೆ ಆಗದೆ ಇರುತ್ತದೆಯೇ? ಈಗ ವಾಹನ ಮುಖ್ಯರಸ್ತೆಯಲ್ಲಿ ಬಿಟ್ಟು ನಡೆದು ಬರುತ್ತೇವೆ, ಡೋಲಕ್ಕು ತರುವುದಿಲ್ಲ, ಒಂಬತ್ತಕ್ಕೆ ಎದ್ದುಬಿಡುತ್ತೇವೆ. ವಿನಂತಿಯಲ್ಲಿ ಅವರವರ ಮನೆಯ ಮಾತು ಮಾತ್ರ. ಇಲ್ಲಿ ಹೇಳಿದ್ದನ್ನು ವಾಟ್ಸಾಪ್‌ಗೆ ಹಾಕುವ ಹಾಗಿಲ್ಲ.

ಆದರೆ ಕೂಟವನ್ನು ಒಳಗಿನಿಂದಲೇ ತಿನ್ನುತ್ತಿದ್ದದ್ದು ಇವು ಯಾವುದೂ ಅಲ್ಲ, ಊಟ. ಮೊದಲು ಕಾಫಿ, ಬಿಸ್ಕತ್ತು ಇತ್ತು. ಒಬ್ಬರು ಕೇಸರಿಬಾತ್ ಮಾಡಿದರು. ಮುಂದಿನ ಮನೆಯವರು ಅದರ ಜೊತೆ ಬೋಂಡ ಇಟ್ಟರು. ಆರು ತಿಂಗಳಲ್ಲಿ ಅದು ಚಿಕನ್ ಬಿರಿಯಾನಿಗೆ ಬಂದು ನಿಂತಿತು. ಪ್ರೀತಿಯಿಂದಲೇ ಮಾಡಿದರು, ಯಾರದ್ದೂ ತಪ್ಪಲ್ಲ. ಅಷ್ಟರಲ್ಲಿ ಮನೆಗೆಲಸ ಮಾಡಿ ಬದುಕುವ ಒಬ್ಬ ಅಮ್ಮ ಬರುವುದು ನಿಲ್ಲಿಸಿದರು. ಎರಡು ವಾರ ಬಿಟ್ಟು ಅವರ ಮನೆಗೆ ಹೋದೆ. ಒಂದೇ ಕೋಣೆ; ಮಂಚದ ಕೆಳಗೆ ಪಾತ್ರೆ, ಕಿಟಕಿಯಲ್ಲಿ ಸತ್ಯವೇದ. ನನಗೆ ಟೀ ಕೊಡಲು ಸ್ಟೀಲ್ ಲೋಟ ತೆಗೆದರು. ಗೂಡಿನಲ್ಲಿ ಒಟ್ಟು ನಾಲ್ಕೇ ಲೋಟ ಇದ್ದವು. ‘ಮುಂದಿನ ವಾರ ನನ್ನ ಸರದಿ ಬರ್ತಿತ್ತಲ್ಲ’ ಅಂದರು, ಅಷ್ಟೇ. ಯೇಸುವಿನ ಪಾದದ ಬಳಿ ಕೂತು ಕೇಳುತ್ತಿದ್ದ ಸಹೋದರಿಯನ್ನು ಬಡಿಸುವ ಕೆಲಸಕ್ಕೆ ಎಬ್ಬಿಸಲು ನೋಡಿದ ಮಾರ್ಥಳ ಕಥೆಯನ್ನು ಎಷ್ಟು ಸಲ ಓದಿದ್ದೆವೋ. ನಮ್ಮ ಬಡಿಸುವಿಕೆಯೇ ಒಬ್ಬರನ್ನು ಕರ್ತನ ಪಾದದ ಬಳಿಯಿಂದ ಎಬ್ಬಿಸಿ ಕಳಿಸಿತ್ತು.

ಆ ಶುಕ್ರವಾರವೇ ತೀರ್ಮಾನ ಮಾಡಿದೆವು: ಯಾವ ಮನೆಯಾದರೂ ಟೀ ಮತ್ತು ಒಂದು ಬಿಸ್ಕತ್ತು, ಲೋಟ ಅವರವರು ತರಬೇಕು. ಕೆಲವರಿಗೆ ಬೇಸರವಾಯಿತು. ಆದರೆ ಆ ಅಮ್ಮ ಮರಳಿ ಬಂದರು, ಮೂರನೇ ವಾರ ಅವರ ಮನೆಯಲ್ಲೇ ಕೂಡಿದೆವು, ಆರು ಜನ ಒಳಗೆ, ಉಳಿದವರು ಓಣಿಯಲ್ಲಿ ಚಾಪೆ ಹಾಸಿಕೊಂಡು.

ಆ ಭೇಟಿಯಲ್ಲಿ ನನಗೆ ಹೊಳೆದದ್ದನ್ನು ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಪಂಥವನ್ನು ಶುರುಮಾಡಿದ ಜಾನ್ ವೆಸ್ಲಿಯವರ ಜನ 1742ರಲ್ಲೇ ಕಂಡುಕೊಂಡಿದ್ದರು. ಬ್ರಿಸ್ಟಲ್‌ನಲ್ಲಿ ಕೂಟದ ಕಟ್ಟಡದ ಸಾಲ ತೀರಿಸಬೇಕಿತ್ತು. ಹನ್ನೆರಡು ಜನಕ್ಕೆ ಒಬ್ಬರನ್ನು ನೇಮಿಸಿ, ತಲೆಗೆ ವಾರಕ್ಕೊಂದು ಪೆನ್ನಿಯಂತೆ ಎತ್ತಲು ಮನೆಮನೆಗೆ ಕಳಿಸಿದರು. ಕಾಸು ಎತ್ತಲು ಹೋದವರ ಕಣ್ಣಿಗೆ ಆ ಮನೆಗಳ ಬದುಕೇ ಬಿತ್ತು. ವೆಸ್ಲಿಯವರು ಆ ಏರ್ಪಾಡನ್ನೇ ಆತ್ಮಗಳ ಆರೈಕೆಗೆ ತಿರುಗಿಸಿದರು, ಅದೇ ಮೆಥಡಿಸ್ಟರ ಕ್ಲಾಸ್ ಮೀಟಿಂಗ್ ಆಯಿತು. ಹಡ್ಸನ್ ವೃತ್ತದಲ್ಲಿ 1904ರಿಂದ ನಿಂತಿರುವ ಕನ್ನಡ ದೇವಾಲಯಕ್ಕೆ ಹೆಸರು ಬಂದದ್ದು ಅದೇ ವೆಸ್ಲಿಯನ್ ಪರಂಪರೆಯ ಮಿಷನರಿಯಿಂದ; 1947ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ (ಸಿಎಸ್‌ಐ) ಒಂದಾದವರಲ್ಲಿ ಮೆಥಡಿಸ್ಟರೂ ಇದ್ದರು. ಮನೆಗೆ ಹೋಗುವ ಈ ಕೆಲಸ ನಮಗೆ ಹೊರಗಿನಿಂದ ತರಬೇಕಾದ ಪದ್ಧತಿಯಲ್ಲ.

ಹಾಗಾಗಿ ಮುಂದಾಳಿನ ಮುಖ್ಯ ಕೆಲಸ ಶುಕ್ರವಾರ ಮಾತಾಡುವುದು ಅಂತ ನಾನು ಒಪ್ಪುವುದಿಲ್ಲ. ಶನಿವಾರ ಸಂಜೆ, ಬಾರದವರ ಮನೆಗೆ ಹೋಗಿ ಹತ್ತು ನಿಮಿಷ ಕೂರುವುದು ಅವರ ಕೆಲಸ. ನಡೆದು ಹೋಗುವ ದೂರವಿದ್ದರೆ ಮಾತ್ರ ಅದು ಸಾಧ್ಯ. ಬಡಾವಣೆ ಕೂಟವನ್ನು ನಾನು ಎತ್ತಿ ಹಿಡಿಯುವುದು ಇದೊಂದಕ್ಕೆ. ಪೂರ್ವದಿಂದ ಪಶ್ಚಿಮಕ್ಕೆ ಸಂಜೆ ಏಳಕ್ಕೆ ಈ ಊರು ದಾಟಿದವರಿಗೆ ಗೊತ್ತು, ಹತ್ತು ಕಿಲೋಮೀಟರ್ ಆಚೆಯ ಸ್ನೇಹಿತ ಫೋನಿನಲ್ಲಿ ಮಾತ್ರ ಸ್ನೇಹಿತ. ಕಳೆದ ವರ್ಷ ನನ್ನ ತಂದೆಗೆ ರಾತ್ರಿ ಉಸಿರು ಕಟ್ಟಿದಾಗ ಕೂಟದ ಆಟೋ ಅಣ್ಣ ಏಳು ನಿಮಿಷದಲ್ಲಿ ಬಾಗಿಲಲ್ಲಿದ್ದರು.

ಪಾಠದ ಬಡತನಕ್ಕೆ ಭಾನುವಾರದ ಗುಂಪಿನಿಂದಲೇ ಸಾಲ ತಂದೆವು. ಸಭಾಪಾಲಕರು ಭಾನುವಾರ ಬೋಧಿಸಿದ ವಾಕ್ಯವನ್ನೇ ಶುಕ್ರವಾರ ಮತ್ತೆ ಓದುತ್ತೇವೆ, ಒಬ್ಬರು ಓದುವುದು, ಪಕ್ಕದವರು ತಮ್ಮ ಮಾತಲ್ಲಿ ಹೇಳುವುದು. ಮಾತು ಹಿಡಿದರೆ ಬಿಡದಿದ್ದವರಿಗೂ ಸರದಿ ಒಂದೇ ಸಲ. ಆದರೆ ಯಾಕೋಬನ ಪತ್ರ 5:16 ಹೇಳುವ ಹಾಗೆ ಪಾಪವನ್ನು ಒಬ್ಬರಿಗೊಬ್ಬರು ಅರಿಕೆ ಮಾಡುವುದು ಹದಿನೈದು ಜನರೆದುರು ಆಗುವುದಿಲ್ಲ, ಅತ್ತೆ ಸೊಸೆ ಇಬ್ಬರೂ ಕೂತಿರುವಲ್ಲಿ ಆಗುವುದೇ ಇಲ್ಲ. ಅದಕ್ಕೆ ಮೂರು ಮೂರು ಜನ, ಗಂಡಸರು ಬೇರೆ, ಹೆಂಗಸರು ಬೇರೆ, ತಿಂಗಳಿಗೆರಡು ಸಲ.

ಊರು ಬಿಟ್ಟು ಬಂದು ಪಿಜಿಯಲ್ಲಿರುವ ಹುಡುಗ ಹುಡುಗಿಯರಿಗೆ ಮಾತ್ರ ನಾನು ಬೇರೆ ಸಲಹೆ ಕೊಡುತ್ತೇನೆ. ಅವರಿಗೆ ಕರೆಯಲು ಮನೆಯಿಲ್ಲ, ಅಪರಿಚಿತರ ಹಾಲಿನಲ್ಲಿ ಕೂರಲು ಸಂಕೋಚ. ಮೊದಲು ಭಾನುವಾರದ ಗುಂಪಿಗೆ ಬರಲಿ, ಅಲ್ಲಿ ಮುಖ ಪರಿಚಯವಾದ ಒಬ್ಬರು ಕೈಹಿಡಿದು ಶುಕ್ರವಾರಕ್ಕೆ ಕರೆತರಲಿ.

ಈಗ ನಮ್ಮ ಕೂಟ ಹದಿನೇಳಕ್ಕೆ ಬಂದಿದೆ. ಜನರ ಭಾರವನ್ನು ಒಬ್ಬನೇ ಹೊರಬೇಡ, ಹಂಚು ಅಂತ ಮೋಶೆಗೆ ಅವನ ಮಾವ ಇತ್ರೋನ ಕೊಟ್ಟ ಬುದ್ಧಿಮಾತಿನಲ್ಲಿ ಕೊನೆಯ ಲೆಕ್ಕ ಹತ್ತು ಜನಕ್ಕೆ ಒಬ್ಬ. ಹಿಂದೊಮ್ಮೆ ಪಟ್ಟಿ ಬರೆದು ಒಂದೇ ದಿನದಲ್ಲಿ ಕೂಟವನ್ನು ಎರಡು ಮಾಡಿದ್ದೆವು. ಒಂದು ನಾಲ್ಕು ತಿಂಗಳಲ್ಲಿ ನಿಂತುಹೋಯಿತು, ಮೂರು ಕುಟುಂಬ ಎಲ್ಲಿಗೂ ಸೇರದೆ ಉಳಿದವು. ಈ ಸಲ ಸುಂಕದಕಟ್ಟೆ ಕಡೆಯ ಮೂರು ಮನೆಯವರು ತಿಂಗಳಿಗೊಂದು ಶುಕ್ರವಾರ ಮಾತ್ರ ಅಲ್ಲೇ ಕೂಡುತ್ತಿದ್ದಾರೆ, ಉಳಿದ ವಾರ ನಮ್ಮ ಜೊತೆ. ಆಟೋ ಅಣ್ಣ ಅಲ್ಲಿನ ಮುಂದಾಳು. ಬೋಧಿಸಲು ಬರುವುದಿಲ್ಲ ಅಂತ ಅವರು ಇನ್ನೂ ಹೆದರುತ್ತಾರೆ. ಕಳೆದ ಶನಿವಾರ ಬಾರದ ಇಬ್ಬರ ಮನೆಗೂ ಹೋಗಿ ಬಂದಿದ್ದರು, ನಾನು ಹೇಳುವ ಮೊದಲೇ.