ಕೀಟೋನ್ ನೋಡಲು ಮೂತ್ರದ ಪಟ್ಟಿಯೋ, ಬೆರಳ ರಕ್ತವೋ, ತೋಳಿನ ಸೆನ್ಸರೋ?

ನನಗಿರುವುದು ಟೈಪ್ 1 ಡಯಾಬಿಟಿಸ್. ಇನ್ಸುಲಿನ್ ಪಂಪ್ ಹಾಕಿಕೊಂಡಿದ್ದೇನೆ. ಪಂಪ್‌ನಲ್ಲಿ ಬರುವುದು ಬೇಗ ಕೆಲಸ ಮುಗಿಸುವ ಇನ್ಸುಲಿನ್ ಮಾತ್ರ. ಅದು ನಿಂತರೆ ಕೆಲವೇ ಗಂಟೆಗಳಲ್ಲಿ ಕೀಟೋನ್, ಅಂದರೆ ದೇಹ ಸಕ್ಕರೆ ಬಿಟ್ಟು ಕೊಬ್ಬು ಉರಿಸಿದಾಗ ಹುಟ್ಟುವ ಆಮ್ಲ, ರಕ್ತದಲ್ಲಿ ಏರತೊಡಗುತ್ತದೆ. ಹಾಗಾಗಿ ಮೂರೂ ದಾರಿ ಬಳಸಿ ನೋಡಿದ್ದೇನೆ.

ಮೂತ್ರದ ಪಟ್ಟಿಗೆ ಚುಚ್ಚುವ ಕಾಟವಿಲ್ಲ. ಅದ್ದಿ, 15 ಸೆಕೆಂಡ್ ಕಾದು, ಡಬ್ಬಿಯ ಮೇಲಿನ ಬಣ್ಣದ ಪಕ್ಕ ಹಿಡಿಯಬೇಕು. ಬಾತ್‌ರೂಮಿನ ಹಳದಿ ದೀಪದಲ್ಲಿ ಅದು ಗುಲಾಬಿಯೋ ನೇರಳೆಯೋ ಅಂತ ಮನೆಯವರನ್ನು ಕೂಗಿ ಕೇಳಿದ್ದೂ ಇದೆ! ದೊಡ್ಡ ತೊಂದರೆ ಬೇರೆಯೇ. ಅದು ತೋರಿಸುವುದು ಮೂತ್ರಕೋಶದಲ್ಲಿ ಆಗಲೇ ತುಂಬಿಕೊಂಡಿದ್ದನ್ನು, ಅಂದರೆ ಹಳೇ ಸುದ್ದಿ. ಅದೂ ಅಸಿಟೋಅಸಿಟೇಟ್ ಎಂಬ ಒಂದು ಬಗೆಯ ಕೀಟೋನ್ ಮಾತ್ರ. ಕೀಟೋನ್ ಮಿತಿಮೀರಿ ರಕ್ತವೇ ಹುಳಿಯಾಗುವ ಅಪಾಯಕ್ಕೆ ಕೀಟೋಅಸಿಡೋಸಿಸ್ ಅಂತಾರೆ. ಅದರಲ್ಲಿ ಜಾಸ್ತಿ ಏರುವ ಇನ್ನೊಂದು ಬಗೆ, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್, ಪಟ್ಟಿಗೆ ಕಾಣುವುದೇ ಇಲ್ಲ. ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಪಟ್ಟಿಯೂ ಹಾಳು.

ರಕ್ತದ ಮೀಟರ್ ಆ ಬೀಟಾ ಹೈಡ್ರಾಕ್ಸಿಬ್ಯುಟಿರೇಟನ್ನೇ ಅಳೆಯುತ್ತದೆ. ಈ ಕ್ಷಣದ ಲೆಕ್ಕ ಸಿಗುತ್ತದೆ. ಲೀಟರ್ ರಕ್ತಕ್ಕೆ ಇಷ್ಟು ಮಿಲಿಮೋಲ್ ಅಂತ ಲೆಕ್ಕ; 0.6ರ ಒಳಗಿದ್ದರೆ ನೆಮ್ಮದಿ. 0.6ರಿಂದ 1.5 ಅಂದರೆ ಪಂಪ್ ನೋಡು, ಮತ್ತೆ ಬೆರಳು ಚುಚ್ಚಿ ಅಳೆ. 1.5 ದಾಟಿದರೆ ಡಾಕ್ಟರಿಗೆ ಫೋನ್, 3 ಆದರೆ ನೇರ ಆಸ್ಪತ್ರೆ. ಕೊರತೆ ಒಂದೇ: ನಾವು ಕೇಳಿದರೆ ಮಾತ್ರ ಹೇಳುತ್ತದೆ. ನಿದ್ದೆಯಲ್ಲಿ ಯಾರು ಚುಚ್ಚಿಕೊಳ್ಳುತ್ತಾರೆ?

ಅಲ್ಲೇ ಸೆನ್ಸರ್ ಗೆದ್ದಿದ್ದು. ಚರ್ಮದ ಕೆಳಗಿನ ದ್ರವದಲ್ಲಿ ಸಣ್ಣ ತಂತಿಯೊಂದು ಕೂತು, ಹಗಲು ರಾತ್ರಿ ಅಳೆದು ಫೋನಿಗೆ ಕಳಿಸುತ್ತಿರುತ್ತದೆ. ಒಂದು ರಾತ್ರಿ ಎರಡೂವರೆಗೆ ಫೋನ್ ಕಿರುಚಿತು. ಗೆರೆ 0.2, 0.4, 0.7 ಅಂತ ಮೆಟ್ಟಿಲು ಹತ್ತುತ್ತಿತ್ತು. ಸುಮ್ನೆ ಕೂಗುತ್ತಿದೆ ಅಂದುಕೊಂಡೇ ಬೆರಳು ಚುಚ್ಚಿದೆ: 0.9. ಹೊಟ್ಟೆಯ ಮೇಲಿನ ಪ್ಲಾಸ್ಟರ್ ಕಿತ್ತು ನೋಡಿದರೆ ಇನ್ಸುಲಿನ್ ಒಳಗೆ ಬಿಡುವ ಸಣ್ಣ ಕೊಳವೆ, ಕ್ಯಾನುಲಾ, ಮೊಳೆ ಬಗ್ಗಿದ ಹಾಗೆ ಮಡಚಿಕೊಂಡಿದೆ! ಪಂಪ್ ನಂಬದೆ ಪೆನ್ನಿನಿಂದ ಇನ್ಸುಲಿನ್ ತೆಗೆದುಕೊಂಡು, ಹೊಸ ಸೆಟ್ ಹಾಕಿದೆ. ಬೆಳಗಾಗುವಷ್ಟರಲ್ಲಿ ಗೆರೆ ಇಳಿದಿತ್ತು. ಪಟ್ಟಿಯನ್ನೇ ನಂಬಿದ್ದರೆ ಬೆಳಿಗ್ಗೆ ಎದ್ದ ಮೇಲೆ ತಿಳಿಯುತ್ತಿತ್ತು, ಅಲ್ವಾ?

ಹಾಗಂತ ಸೆನ್ಸರ್ ಮೇಲೆ ಮುನಿಸಿಲ್ಲ ಅಂತಲ್ಲ. ಅಂಟಿನ ಕೆಳಗೆ ತುರಿಕೆ. ಊಟ ತಡವಾದ ದಿನ 0.3 ಆಗಿದ್ದನ್ನೇ ಹತ್ತು ಸಲ ನೋಡುವ ಚಟ. ಜೊತೆಗೆ ರಕ್ತಕ್ಕಿಂತ ಸ್ವಲ್ಪ ಹಿಂದೆ ಓಡುತ್ತದೆ. ಅದಕ್ಕೇ ಅಲಾರಂ ಬಂದಾಗ ಬೆರಳಿನ ಮಾತೇ ಕೊನೆ ಮಾತು ಅಂತ ಇಟ್ಟುಕೊಂಡಿದ್ದೇನೆ.

ಅಣ್ಣನಿಗೆ ಟೈಪ್ 2. ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುವ ಡಾಪಾಗ್ಲಿಫ್ಲೋಜಿನ್ ಮಾತ್ರೆ ನುಂಗುತ್ತಾನೆ. ಈ ಜಾತಿಯ ಮಾತ್ರೆಯಲ್ಲಿ ಸಕ್ಕರೆ ಹೆಚ್ಚೇನೂ ಏರದೆಯೇ ಕೀಟೋನ್ ಏರಬಹುದು ಅಂತ 2015ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಸಿತ್ತು. ಸೆನ್ಸರ್ ಹಾಕ್ಕೋ ಅಂದರೆ ಅವನು ಕೇಳುವುದಿಲ್ಲ. ವಾಂತಿಯಾದ ದಿನ ಸಕ್ಕರೆ ಚೆನ್ನಾಗಿದ್ದರೂ ಕೀಟೋನ್ ನೋಡುತ್ತೇನೆ ಅಂತ ಮಾತು ಕೊಟ್ಟು, ನನ್ನ ಹಳೇ ಮೀಟರ್ ತೆಗೆದುಕೊಂಡು ಹೋಗಿದ್ದಾನೆ.