ಒಂದೇ ರೂಟರ್‌ಗೆ ಮೂರು ಬೋರ್ಡ್: ಇನ್‌ಪುಟ್-ಔಟ್‌ಪುಟ್ ಹೊಂದಿಸಿ ನೋಡಿದ್ದು

ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ನನ್ನ ಸಿಎನ್‌ಸಿ ರೂಟರ್ ಇಲ್ಲಿಯವರೆಗೆ ಮೂರು ಕಂಟ್ರೋಲರ್ (ಯಂತ್ರ ನಡೆಸುವ ವ್ಯವಸ್ಥೆ) ಕಂಡಿದೆ. ಮೊದಲು ಆರ್ಡುಯಿನೋ ಯುನೋ ಎಂಬ ಪುಟ್ಟ ಬೋರ್ಡ್ ಮೇಲೆ ಜಿಆರ್‌ಬಿಎಲ್ ತಂತ್ರಾಂಶ. ಆಮೇಲೆ ಹಳೇ ಕಂಪ್ಯೂಟರಿನ ಪ್ಯಾರಲಲ್ ಪೋರ್ಟ್‌ಗೆ ಬ್ರೇಕ್‌ಔಟ್ ಬೋರ್ಡ್ (ಪೋರ್ಟಿನ ಪಿನ್‌ಗಳಿಗೆ ವೈರ್ ಜೋಡಿಸುವ ಬೋರ್ಡ್) ಸಿಕ್ಕಿಸಿ ವಿಂಡೋಸ್‌ನ ಮ್ಯಾಕ್3 ತಂತ್ರಾಂಶ. ಈಗ ಲಿನಕ್ಸ್‌ಸಿಎನ್‌ಸಿ ತಂತ್ರಾಂಶ, ಜೊತೆಗೆ ಮೆಸಾ 7ಐ76ಇ ಎಂಬ ಇನ್‌ಪುಟ್-ಔಟ್‌ಪುಟ್ ಕಾರ್ಡ್. ಮೋಟಾರ್ ತಿರುಗಿಸುವುದು ಮೂರರಲ್ಲೂ ಸಲೀಸು. ತಲೆ ತಿಂದಿದ್ದೆಲ್ಲ ಲಿಮಿಟ್ ಸ್ವಿಚ್ (ಯಂತ್ರ ಅಂಚು ಮುಟ್ಟಿದ್ದನ್ನು ಹೇಳುವುದು), ಪ್ರೋಬ್ (ಉಪಕರಣ ಮುಟ್ಟಿದ್ದನ್ನು ಹೇಳುವುದು) ಮತ್ತು ರಿಲೇ (ಪಂಪ್‌ನಂಥದ್ದನ್ನು ಆನ್-ಆಫ್ ಮಾಡುವುದು). ಹಾಗಾಗಿ ಹೋಲಿಕೆ ಅಷ್ಟಕ್ಕೇ.

ಜಿಆರ್‌ಬಿಎಲ್‌ನಲ್ಲಿ ಹೊಂದಿಸೋಕೆ ಜಾಸ್ತಿ ಏನೂ ಇಲ್ಲ, ಸುಖವೂ ಅದೇ, ಕಷ್ಟವೂ ಅದೇ. ಪಿನ್‌ಗಳು ಮೊದಲೇ ಗೊತ್ತುಮಾಡಿಟ್ಟಿವೆ. ಎಕ್ಸ್ ಲಿಮಿಟ್ 9, ವೈ 10, ಝಡ್ 12. ನಾನು ಒಂದು ಭಾನುವಾರ ಪೂರ್ತಿ ಕಳೆದಿದ್ದು ಈ 12ರ ಮೇಲೆಯೇ. ಯುನೋ ಮೇಲೆ ಕೂರಿಸುವ ನನ್ನ ಶೀಲ್ಡ್ ಬೋರ್ಡ್ ಹಳೇ ವಿನ್ಯಾಸದ್ದು, ಅದರಲ್ಲಿ ಝಡ್ ಲಿಮಿಟ್ ಅಂತ ಬರೆದಿರುವುದು 11ನೇ ಪಿನ್ ಹತ್ತಿರ. ಸ್ಪಿಂಡಲ್ (ಕೆತ್ತುವ ಬಿಟ್ ತಿರುಗಿಸುವ ಮೋಟಾರ್) ವೇಗ ಹೇಳುವ ಪಿಡಬ್ಲ್ಯೂಎಂ ಸಿಗ್ನಲ್ 11ಕ್ಕೆ ಬಂದ ಮೇಲೆ ಝಡ್ 12ಕ್ಕೆ ಹೋಗಿದೆ, ಬೋರ್ಡಿನ ಮೇಲಿನ ಅಕ್ಷರ ಮಾತ್ರ ಹಾಗೇ ಉಳಿದಿದೆ. ಸ್ವಿಚ್ ಒತ್ತುತ್ತೇನೆ, ಏನೂ ಆಗಲ್ಲ. ವೈರ್ ಬದಲಿಸಿದೆ, ಸ್ವಿಚ್ ಬದಲಿಸಿದೆ, ಕೊನೆಗೆ ಬುದ್ಧಿ ಬಂತು.

ಇಲ್ಲಿ ಸ್ವಿಚ್ಚಿನ ಅರ್ಥ ತಿರುಗಿಸಲು ಇರುವುದು $5 ಎಂಬ ಸೆಟ್ಟಿಂಗ್ ಒಂದೇ. ಸೊನ್ನೆ ಇಟ್ಟರೆ ನಾರ್ಮಲಿ ಓಪನ್ (ಒತ್ತಿದಾಗ ಕೂಡುವ ಸ್ವಿಚ್), 1 ಇಟ್ಟರೆ ನಾರ್ಮಲಿ ಕ್ಲೋಸ್ಡ್ (ಒತ್ತಿದಾಗ ಬಿಡುವ ಸ್ವಿಚ್), ಅದೂ ಮೂರು ಅಕ್ಷಕ್ಕೂ ಒಟ್ಟಿಗೆ. ಒಂದು ಅಕ್ಷಕ್ಕೆ ಬೇರೆ ಥರದ ಸೆನ್ಸರ್ ಹಾಕಿದರೆ ಕೋಡ್ ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ಒಂದು ಒಳ್ಳೇದಿದೆ: ಪ್ರಶ್ನಾರ್ಥಕ ಚಿಹ್ನೆ ಕಳಿಸಿದರೆ ಯಾವ ಪಿನ್ ಈಗ ಆನ್ ಆಗಿದೆ ಅಂತ ಉತ್ತರದಲ್ಲೇ ಹೇಳುತ್ತದೆ. ಔಟ್‌ಪುಟ್ ಬಗ್ಗೆ ಕೇಳಲೇಬೇಡಿ. ಸ್ಪಿಂಡಲ್ ಇದೆ, ಎಂ8 ಆದೇಶಕ್ಕೆ ಕೂಲಂಟ್ (ತಂಪು ದ್ರವ) ಇದೆ, ಎಂ7 ಬೇಕೆಂದರೆ ಅದಕ್ಕೂ ಕಂಪೈಲ್. ಹಲಗೆ ಹಿಡಿಯುವ ವ್ಯಾಕ್ಯೂಮ್ ಪಂಪ್‌ಗೆ ಕೊನೆಗೆ ಕೂಲಂಟ್ ಪಿನ್ನನ್ನೇ ಬಳಸಿದೆ. ಎಂ8 ಅಂದರೆ ಪಂಪ್ ಆನ್!

ಅಸಲಿ ತಲೆನೋವು ಶುರುವಾಗಿದ್ದು ಸ್ಪಿಂಡಲ್‌ಗೆ ವಿಎಫ್‌ಡಿ (ಮೋಟಾರ್ ವೇಗ ಬದಲಿಸುವ ಡ್ರೈವ್) ಹಾಕಿದ ಮೇಲೆ. ಸ್ಪಿಂಡಲ್ ಆನ್ ಮಾಡಿದ ತಕ್ಷಣ ಹಾರ್ಡ್ ಲಿಮಿಟ್ ಅಲಾರಂ, ಯಾವ ಸ್ವಿಚ್ ಹತ್ತಿರವೂ ಯಾರೂ ಹೋಗಿಲ್ಲ. ತಪ್ಪು ನನ್ನದೇ, ಸ್ಪಿಂಡಲ್ ಕೇಬಲ್ ಮತ್ತು ಲಿಮಿಟ್ ವೈರನ್ನು ಒಂದೇ ಡ್ರ್ಯಾಗ್ ಚೈನ್‌ನಲ್ಲಿ (ಕೇಬಲ್ ಹೊತ್ತು ಓಡಾಡುವ ಸರಪಳಿ) ಅಕ್ಕಪಕ್ಕ ತುರುಕಿದ್ದೆ. ಪಿನ್ನನ್ನು ಪ್ಲಸ್ ಕಡೆ ಹಿಡಿದಿಡುವ, ಯುನೋ ಚಿಪ್ಪಿನ ಒಳಗಿನ ಪುಲ್‌ಅಪ್ ರೆಸಿಸ್ಟರ್ 20ರಿಂದ 50 ಕಿಲೋ ಓಮ್, ಬಹಳ ದುರ್ಬಲ, ಪಕ್ಕದಲ್ಲಿ ವಿದ್ಯುತ್ ಗದ್ದಲ ಆದರೆ ಅದೇ ಸಿಗ್ನಲ್ ಅಂದುಕೊಂಡುಬಿಡುತ್ತದೆ. ಆಪ್ಟೋಕಪ್ಲರ್ ಬೋರ್ಡ್ (ಸಿಗ್ನಲ್ಲನ್ನು ಬೆಳಕಿನ ಮೂಲಕ ದಾಟಿಸುವುದು) ಮತ್ತು ಲೋಹದ ಹೊದಿಕೆಯ ಶೀಲ್ಡ್ ಕೇಬಲ್ ಹಾಕಿದ ಮೇಲೆ ಮುಕ್ಕಾಲು ಪಾಲು ಸರಿಹೋಯಿತು.

ಮ್ಯಾಕ್3ರಲ್ಲಿ ನೋಡೋಕೆ ಎಲ್ಲ ಚೆಂದ. 'ಪೋರ್ಟ್ಸ್ ಅಂಡ್ ಪಿನ್ಸ್' ತೆರೆದರೆ ಪ್ರತಿ ಸಿಗ್ನಲ್‌ಗೂ ಒಂದು ಸಾಲು, ಪಿನ್ ನಂಬರ್ ಬರೆಯಿರಿ, ಸಿಗ್ನಲ್ಲಿನ ಅರ್ಥ ತಿರುಗಿಸಲು 'ಆಕ್ಟಿವ್ ಲೋ' ಮೇಲೆ ಕ್ಲಿಕ್ ಮಾಡಿ, ಮುಗಿಯಿತು. ಪ್ರತಿ ಪಿನ್ನೂ ಬೇರೆ ಬೇರೆಯಾಗಿ ತಿರುಗಿಸಬಹುದು. ಡಯಾಗ್ನಾಸ್ಟಿಕ್ಸ್ ಪರದೆಯಲ್ಲಿ ಲೈಟ್ ಹತ್ತುತ್ತದೆ. ಆದರೆ ಒಂದು ಪ್ಯಾರಲಲ್ ಪೋರ್ಟ್‌ನಲ್ಲಿ ಇನ್‌ಪುಟ್ ಐದೇ: 10, 11, 12, 13, 15. ಮೂರು ಹೋಮ್ ಸ್ವಿಚ್, ಎಮರ್ಜೆನ್ಸಿ, ಪ್ರೋಬ್, ಲೆಕ್ಕ ಮುಗೀತು ಅಲ್ವಾ? ಜೊತೆಗೆ 32 ಬಿಟ್ ವಿಂಡೋಸ್ ಇರುವ ಹಳೇ ಡಬ್ಬವೊಂದನ್ನು ಸಾಕಬೇಕು. ಸುಳ್ಳು ಸಿಗ್ನಲ್ ತಡೆಯಲು ಡಿಬೌನ್ಸ್ ಸಂಖ್ಯೆ (ಸಿಗ್ನಲ್ ಎಷ್ಟು ಹೊತ್ತು ನಿಂತರೆ ನಂಬಬೇಕು ಅನ್ನುವುದು) ಏರಿಸುತ್ತಾ ಹೋದೆ, ಅಲಾರಂ ನಿಂತಿತು. ಆದರೆ ನಾನು ಮಾಡಿದ್ದು ಬರೀ ಕಿವಿ ಮುಚ್ಚಿಕೊಂಡಿದ್ದು. ನಿಜವಾದ ಸ್ವಿಚ್ ಒತ್ತಿದರೂ ತಡವಾಗಿ ಕೇಳುವಷ್ಟು.

ಮೆಸಾ ಕಾರ್ಡ್ ತಂದಾಗ ಮೊದಲ ದಿನವೇ ಪೆಟ್ಟು. 24 ವೋಲ್ಟಿನ 32 ಇನ್‌ಪುಟ್, 16 ಔಟ್‌ಪುಟ್ ಅಂತ ಖುಷಿಯಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡ ಹಳೇ ಪ್ರಾಕ್ಸಿಮಿಟಿ ಸೆನ್ಸರ್‌ಗಳನ್ನೇ (ಮುಟ್ಟದೆ ಲೋಹ ಗುರುತಿಸುವ ಸ್ವಿಚ್) ಜೋಡಿಸಿದೆ. ಸೆನ್ಸರಿನ ಲೈಟ್ ಹತ್ತುತ್ತದೆ, ಕಾರ್ಡ್ ಮಾತ್ರ ಮೌನ. ನನ್ನ ಬಳಿ ಇದ್ದದ್ದು ಎನ್‌ಪಿಎನ್, ಕಪ್ಪು ವೈರನ್ನು ಗ್ರೌಂಡ್ ಕಡೆ ಎಳೆಯುವಂಥದ್ದು. ಈ ಕಾರ್ಡಿನ ಇನ್‌ಪುಟ್‌ಗೆ ಪ್ಲಸ್ ಬರಬೇಕು, ಅಂದರೆ ಪಿಎನ್‌ಪಿ. ನಾನು ಕೊಂಡ ಥರದ ಸೆನ್ಸರ್‌ಗಳ ಹೆಸರಿನ ಕೊನೆಯಲ್ಲಿ ಬಿಎಕ್ಸ್ ಇದ್ದರೆ ಎನ್‌ಪಿಎನ್, ಬಿವೈ ಇದ್ದರೆ ಪಿಎನ್‌ಪಿ, ಒಂದೇ ಅಕ್ಷರ ವ್ಯತ್ಯಾಸ. ಮತ್ತೆ ಮೂರು ಕೊಂಡೆ.

ಇಲ್ಲಿ ಕ್ಲಿಕ್ ಮಾಡುವ ಸುಖ ಕಡಿಮೆ. ವಿಝಾರ್ಡ್ ಒಂದಿದೆ, ಆದರೂ ಯಾವ ಸಿಗ್ನಲ್ ಎಲ್ಲಿಗೆ ಅಂತ ಬರೆದಿಡುವ ಹಾಲ್ (HAL) ಫೈಲ್ ಕೈಯಲ್ಲೇ ತಿದ್ದಬೇಕಾಗುತ್ತದೆ, ಮೊದಲ ಎರಡು ದಿನ ಬೈದುಕೊಂಡೇ ತಿದ್ದಿದೆ. ಆದರೆ ಪ್ರತಿ ಇನ್‌ಪುಟ್‌ಗೂ ಎರಡು ಹೆಸರು, ಒಂದು ನೇರ, ಇನ್ನೊಂದು ತಿರುವಿದ್ದು. ಯಾವುದು ಬೇಕೋ ಅದನ್ನು ಜೋಡಿಸಿದರಾಯಿತು. ವೈರ್‌ಗೆ ನಾವೇ ಹೆಸರಿಡಬಹುದು. ಮುಖ್ಯವಾಗಿ ಸಿಗ್ನಲ್ಲನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಹಾಲ್‌ಸ್ಕೋಪ್ ತೆರೆದು ಸ್ಪಿಂಡಲ್ ಆನ್ ಮಾಡಿದಾಗ, ಇಷ್ಟು ದಿನ ಕಾಡಿದ ಆ ಸುಳ್ಳು ಸಿಗ್ನಲ್ಲಿನಲ್ಲಿ ಮಿಕ್ಕಿದ್ದು ಸಣ್ಣ ಮುಳ್ಳಿನ ಹಾಗೆ ಕಣ್ಣಿಗೇ ಕಂಡಿತು. ನೋಡಿದರೆ ಬರೀ ಒಂದು ಮಿಲಿಸೆಕೆಂಡ್! ಲಿಮಿಟ್ ವೈರ್‌ಗಳಿಗೆ ಮಾತ್ರ 5 ಮಿಲಿಸೆಕೆಂಡ್ ಡಿಬೌನ್ಸ್ ಹಾಕಿದೆ, ಪ್ರೋಬ್ ಮುಟ್ಟಲಿಲ್ಲ. ಸೆಕೆಂಡಿಗೆ 10 ಮಿಲಿಮೀಟರ್ ವೇಗದಲ್ಲಿ ಆ 5 ಮಿಲಿಸೆಕೆಂಡ್ ಅಂದರೆ 0.05 ಮಿಲಿಮೀಟರ್ ತಡ. ಹೋಮಿಂಗ್‌ನ (ಸ್ವಿಚ್ ಮುಟ್ಟಿ ಸೊನ್ನೆ ಜಾಗ ಹುಡುಕುವುದು) ಎರಡನೇ ಸುತ್ತನ್ನು ಸೆಕೆಂಡಿಗೆ 1 ಮಿಲಿಮೀಟರ್‌ಗೆ ಇಳಿಸಿದರೆ 0.005. ಮರಕ್ಕೆ ಅಷ್ಟು ಸಾಕು. ಪಂಪ್‌ಗೆ ಈಗ ಅದರದ್ದೇ ಔಟ್‌ಪುಟ್ ಇದೆ, ಎಂ64 ಅಂದರೆ ಆನ್, ಎಂ65 ಅಂದರೆ ಆಫ್.

ಎಮರ್ಜೆನ್ಸಿ ಬಟನ್ ಮಾತ್ರ ಮೂರರಲ್ಲಿ ಯಾವುದನ್ನೂ ನಂಬಿ ಬಿಟ್ಟಿಲ್ಲ. ಅದು ಕಾಂಟ್ಯಾಕ್ಟರ್ (ದೊಡ್ಡ ರಿಲೇ) ಮೂಲಕ ಡ್ರೈವ್‌ಗಳ ಪವರ್ ಅನ್ನೇ ಕಡಿಯುತ್ತದೆ, ಬೋರ್ಡಿಗೆ ಹೋಗುವ ವೈರ್ ಸುಮ್ನೆ ಸುದ್ದಿ ಮುಟ್ಟಿಸೋಕೆ.

ಪುಟ್ಟ ಯಂತ್ರ, ಮೂರು ಸ್ವಿಚ್, ಸಣ್ಣ ಸ್ಪಿಂಡಲ್ ಇದ್ದರೆ ನಾನು ಈಗಲೂ ಜಿಆರ್‌ಬಿಎಲ್ಲೇ ಹಾಕುತ್ತೇನೆ. ವಿಎಫ್‌ಡಿ ಇದ್ದು, ಐದಕ್ಕಿಂತ ಜಾಸ್ತಿ ಇನ್‌ಪುಟ್ ಬೇಕಾದರೆ ದುಡ್ಡು ಹೋದರೂ ಮೆಸಾ. ಪ್ಯಾರಲಲ್ ಪೋರ್ಟ್ ಕಂಪ್ಯೂಟರ್ ಮನೆಯಲ್ಲೇ ಬಿದ್ದಿದ್ದರೆ ಮಾತ್ರ ಮ್ಯಾಕ್3, ಅದಕ್ಕೆಂದೇ ಹುಡುಕಿಕೊಂಡು ಹೋಗಬೇಡಿ. ಮಿಕ್ಕಿದ ಆ ಮೂರು ಎನ್‌ಪಿಎನ್ ಸೆನ್ಸರ್ ಈಗ ಯುನೋ ಜೊತೆ ಒಂದು ಸಣ್ಣ ಕೆತ್ತನೆ ಯಂತ್ರದಲ್ಲಿ ಕೆಲಸ ಮಾಡುತ್ತಿವೆ.